ಕೇಳಿದ್ದು, ಕೇಳಿತೆಂದುಕೊಂಡದ್ದು

ಶ್ರೀರಂಗಪಟ್ಟಣದ ದಸರೆಯ ಜಂಬೂಸವಾರಿ ಹೊರಡುವ ಬನ್ನಿಮಂಟಪದಿಂದ ಹೆಸರಾದ ಕಿರಂಗೂರಿನಲ್ಲಿ ನಿಂತು ಮೇಲೆ ನೋಡಿದರೆ ಎರಡು ಬಗೆಯ ವಿಮಾನಗಳು ಕಣ್ಣಿಗೆ ಬೀಳುವುದುಂಟು. ಮೈಸೂರಿನ ಮಂಡಕಳ್ಳಿಗೆ ಇಳಿಯುವುದಕ್ಕೋ ಅಲ್ಲಿಂದ ಏರುವುದಕ್ಕೋ ತಗ್ಗಿನಲ್ಲಿ ಗುಂಯ್‌ಗುಡುತ್ತ ಹೋಗುವ ಪಂಖದ ಚಿಕ್ಕ ವಿಮಾನ ಒಂದು ಬಗೆಯದು. ತನ್ನ ಸದ್ದು ನೆಲವನ್ನು ಮುಟ್ಟುವಷ್ಟರಲ್ಲಿ ತಾನು ಪಾಂಡವಪುರದ ಕುಂತಿಬೆಟ್ಟವನ್ನು ದಾಟಿರುವಷ್ಟು ಎತ್ತರದಲ್ಲಿ, ಬೆಳ್ಳಿಯ ಚುಕ್ಕೆಯಾಗಿ ಸರಿದುಹೋಗುವ ದೂರಪ್ರಯಾಣದ ವಿಮಾನ ಇನ್ನೊಂದು ಬಗೆಯದು. ಕೆಳಗಿನಿಂದ ನೋಡುವವನಿಗೆ ಆ ಚುಕ್ಕೆ ನಿರ್ಜನವಾದ ಆಕಾಶದಲ್ಲಿ ಏಕಾಕಿಯಾಗಿ ತೋರುವುದು ಸಹಜ. ಒಳಗೆ ಕುಳಿತ ಚಾಲಕರಿಬ್ಬರ ಕಿವಿಗಳಲ್ಲಾದರೋ ಮಾತು ನಿಲ್ಲುವುದೇ ಅಪರೂಪ. ಕಾಣದ ನಿಯಂತ್ರಕನೊಬ್ಬನ ಅಪ್ಪಣೆ, ಕಾಣದ ಇತರ ವಿಮಾನಗಳ ಉತ್ತರ, ಮತ್ತೆ ಅಪ್ಪಣೆ, ಮತ್ತೆ ಉತ್ತರ, ಹೀಗೆ ಸಾಗುವ ಆ ಸಂಭಾಷಣೆಯ ಎಳೆಯನ್ನು ಹಿಡಿದುಕೊಂಡೇ ಅವರು ಊರಿಂದೂರಿಗೆ ಹೋಗತಕ್ಕದ್ದು.

ಈ ಸಂಭಾಷಣೆ ನಡೆಯುವ ತಾಣ ನಮಗೆ ತೀರ ಅಪರಿಚಿತವಾದದ್ದಲ್ಲ. ಮೈಸೂರು ಆಕಾಶವಾಣಿಯನ್ನು ೧೦೦.೬ರ ಕಂಪನಾಂಕದಲ್ಲಿ ಕೇಳುವ ನಮ್ಮ ಸೀಮೆಯ ಮನೆಗಳ ರೇಡಿಯೋಪಟ್ಟಿ ೧೦೮ಕ್ಕೆ ಮುಗಿಯುತ್ತದೆಯಷ್ಟೆ; ಅದರಿಂದಾಚೆ, ದಾರಿ ತೋರಿಸುವ ಉಪಕರಣಗಳಿಗೆ ಮೀಸಲಾದ ಸ್ವಲ್ಪ ಎಡೆಯನ್ನು ದಾಟಿದ ಮೇಲೆ, ೧೧೮ರಿಂದ ೧೩೭ ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳು ಜಗತ್ತಿನಾದ್ಯಂತ ವಿಮಾನಗಳ ಮಾತಿಗೆ ಮೀಸಲಾಗಿವೆ. ಈ ಅಲೆಗಳು ನೇರವಾಗಿ ಚಲಿಸುವಂಥವು. ಭೂಮಿ ಬಾಗಿದೆಯೆಂದು ತಾವೂ ಬಾಗುವಂಥವಲ್ಲ. ಆದಕಾರಣ ದೇವನಹಳ್ಳಿಯ ವಿಮಾನನಿಲ್ದಾಣದ ಗೋಪುರದಿಂದ ಹೊರಟ ಮಾತು, ಎಷ್ಟೇ ಒಳ್ಳೆಯ ಯಂತ್ರವನ್ನಿಟ್ಟುಕೊಂಡು ಕುಳಿತರೂ ಕಿರಂಗೂರಿನ ಗದ್ದೆಯ ಬದುವಿಗೆ ಕೇಳಿಸದು. ಅದೇ ಗದ್ದೆಯ ನೆತ್ತಿಯಲ್ಲಿ ೩೫,೦೦೦ ಅಡಿಯ ಎತ್ತರದಲ್ಲಿ ಸಾಗುವ ವಿಮಾನಕ್ಕೆ ಎಲ್ಲ ದಿಕ್ಕಿಗೂ ನಾನೂರು ಕಿಲೋಮೀಟರಿಗೆ ಮಿಕ್ಕಿದ ದೂರ ತೆರೆದಿರುವುದರಿಂದ ಬೆಂಗಳೂರು, ಮಂಗಳೂರು, ಕೊಚ್ಚಿ, ಚೆನ್ನೈಗಳೆಲ್ಲವೂ ಕೂಗಳತೆಯಲ್ಲಿಯೇ ಇರುತ್ತವೆ.

ಒಂದು ಕಂಪನಾಂಕದಲ್ಲಿ ಒಂದು ಸಲಕ್ಕೆ ಒಬ್ಬನೇ ಮಾತಾಡಬಹುದು. ಗುಂಡಿಯನ್ನೊತ್ತಿ ಮಾತಾಡುವವನಿಗೆ ಆ ಹೊತ್ತಿನಲ್ಲಿ ಇನ್ನೊಬ್ಬನ ಮಾತು ಕೇಳಿಸದು. ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿಯನ್ನೊತ್ತಿದರೆ ಉಳಿದವರಿಗೆ ಕೇಳಿಸುವುದು ಕಿವಿಯನ್ನು ಕೊರೆಯುವ ಒಂದು ಸಿಳ್ಳು ಮಾತ್ರ. ಸಂಗೀತಪ್ರಸಾರಕ್ಕೆ ಬಳಸುವ ಎಫ್‌ಎಂ ಪದ್ಧತಿ ಇಷ್ಟು ಇಂಪಾಗಿರುವಾಗ ವಿಮಾನಗಳು ಇನ್ನೂ ಹಳೆಯ ಎಎಂ ಪದ್ಧತಿಗೇ ಅಂಟಿಕೊಂಡಿರುವುದೇಕೆಂದು ಕೇಳುವವರುಂಟು. ಎಫ್‌ಎಂನಲ್ಲಿ ಬಲವಾದ ಧ್ವನಿಯು ದುರ್ಬಲವಾದುದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಎಎಂನಲ್ಲಿ ಸಿಳ್ಳಾದರೂ ಎದ್ದು, ಯಾರೋ ಏನೋ ಹೇಳಹೋದರೆಂಬ ಸುಳಿವು ಉಳಿಯುತ್ತದೆ. ಯಾವುದೋ ಒಂದು ವಿಮಾನದಲ್ಲಿ ಆ ಗುಂಡಿ ಒತ್ತಿದ್ದು ಒತ್ತಿದಂತೆಯೇ ಸಿಕ್ಕಿಕೊಂಡರೆ ಆ ಕಂಪನಾಂಕದಲ್ಲಿರುವ ಸಮಸ್ತರ ಬಾಯಿಯೂ ಕಟ್ಟಿಹೋಗುತ್ತದೆಂಬುದು ಈ ವ್ಯವಸ್ಥೆಯ ಮತ್ತೊಂದು ದೌರ್ಬಲ್ಯ.

ಇಷ್ಟು ಬಡವಾದ ಸಾಧನವನ್ನು ನಂಬಿ ಸಾವಿರಾರು ಜನರ ಪ್ರಾಣವನ್ನು ಸಾಗಿಸುವುದಕ್ಕೆ ವೃತ್ತಿಯವರು ಕಂಡುಕೊಂಡಿರುವ ಉಪಾಯವೆಂದರೆ ಪುನರುಚ್ಚಾರಣೆ. ನಿಯಂತ್ರಕನು ವಿಮಾನದ ಕರೆಹೆಸರನ್ನು ಹೇಳಿ, "ಡಿಸೆಂಡ್ ಫ್ಲೈಟ್ ಲೆವೆಲ್ ಒನ್ ಟೂ ಝೀರೋ" ಎಂದನೆನ್ನಿ. ಚಾಲಕನು "ಆಗಲಿ" ಎಂದು ಸುಮ್ಮನಾಗುವಂತಿಲ್ಲ. ಆ ಮಾತನ್ನೇ, ಆ ಅಂಕಿಗಳನ್ನೇ ತಿರುಗಿ ಹೇಳಿ ಕೊನೆಗೆ ತನ್ನ ಕರೆಹೆಸರನ್ನು ಸೇರಿಸಬೇಕು. ಅಂಕಿಗಳ ಉಚ್ಚಾರಣೆಗೂ ಕಟ್ಟಳೆಯುಂಟು: ಮೂರು "ಟ್ರೀ", ಐದು "ಫೈಫ್", ಒಂಬತ್ತು "ನೈನರ್". ಹೇಳುವುದು ಮೊದಲನೆಯ ಹೆಜ್ಜೆ, ತಿರುಗಿ ಹೇಳುವುದು ಎರಡನೆಯದು. ಆದರೆ ತಿರುಗಿ ಬಂದ ಮಾತು ತಾನು ಹೇಳಿದ್ದೇ ಹೌದೆ ಎಂದು ನಿಯಂತ್ರಕನು ಕಿವಿಗೊಟ್ಟು ಕೇಳುವ ಮೂರನೆಯ ಹೆಜ್ಜೆಯೊಂದುಂಟು, ಮತ್ತು ಲೋಪಗಳು ಹೊಕ್ಕುಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ೧೯೮೯ರ ಫೆಬ್ರವರಿ ೧೯ರಂದು ಕೌಲಾಲಂಪುರದ ಬಳಿ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕುವಿಮಾನಕ್ಕೆ ನಿಯಂತ್ರಕನು ೨,೪೦೦ ಅಡಿಗೆ ಇಳಿಯಲು ಹೇಳುವ ಭರದಲ್ಲಿ "ಡಿಸೆಂಡ್ ಟೂ ಫೋರ್ ಝೀರೋ ಝೀರೋ" ಎಂದ. ಮೊದಲಿನ "ಟೂ" ಚಾಲಕರ ಕಿವಿಗೆ ಅಂಕಿಯಾಗದೆ, ಇಂಥಲ್ಲಿ"ಗೆ" ಎಂಬ ಅರ್ಥದ ಇಂಗ್ಲಿಷ್ ಪದವಾಯಿತು. ಅವರು ೪೦೦ ಎಂದೇ ತಿರುಗಿ ಹೇಳಿದರು. ಅದನ್ನು ಯಾರೂ ತಿದ್ದಲಿಲ್ಲ. ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಮಡಿದರು.

ಇಲ್ಲಿ ನನಗೆ ನಮ್ಮ ಪಕ್ಕದ ಮೈಸೂರಿನ ಸಂಗತಿಯೊಂದು ನೆನಪಾಗುತ್ತದೆ. ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪ್ರೇಷಕಯಂತ್ರವನ್ನಿಟ್ಟು ಮೈಸೂರಿನ ಬಾನುಲಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರರಾಗಿರಲಿಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬಾನುಲಿಗೂ ಮನಶ್ಶಾಸ್ತ್ರಕ್ಕೂ ಸಂಬಂಧವೇನೆಂದು ಅಂದು ಕೆಲವರಿಗಾದರೂ ತೋರಿದ್ದೀತು. ವಿಮಾನಗಳ ರೇಡಿಯೋ ಲೋಪಗಳ ವರದಿಗಳನ್ನು ಓದುತ್ತ ಹೋದಂತೆ, ಅವುಗಳಲ್ಲಿ ಯಂತ್ರದ ಪಾಲು ಅಲ್ಪ, ಮನಸ್ಸಿನ ಪಾಲು ವಿಪುಲ ಎಂಬುದು ಸ್ಪಷ್ಟವಾಗುತ್ತದೆ. ಕಿವಿಯು ಕೇಳದೆ ಹೋದದ್ದರಿಂದ ಆದ ಅನರ್ಥಗಳಿಗಿಂತ, ಮನಸ್ಸು ಮುಂದಾಗಿಯೇ ನಿರೀಕ್ಷಿಸಿದ್ದನ್ನು ಕಿವಿಯು ಕೇಳಿಬಿಟ್ಟದ್ದರಿಂದ ಆದವು ಹೆಚ್ಚು. ಹೊರಡುವ ಅಪ್ಪಣೆಗಾಗಿ ಕಾದು ಕುಳಿತವನಿಗೆ ಬಂದ ಯಾವ ಮಾತಾದರೂ ಹೊರಡುವ ಅಪ್ಪಣೆಯಂತೆಯೇ ಕೇಳಿಸೀತು.

ನಮ್ಮ ರಾಜ್ಯದಲ್ಲೇ ನಡೆದುದೊಂದು ಪ್ರಸಂಗವಾದರೋ ಈ ನಿಯಮಕ್ಕೂ ಹೊರತಾದ ವಿಲಕ್ಷಣ ರೀತಿಯದು. ಅಲ್ಲಿ ಚಾಲಕರು ತಪ್ಪಾಗಿ ಕೇಳಲಿಲ್ಲ, ನಿಯಂತ್ರಕರು ತಪ್ಪಾಗಿ ನುಡಿಯಲಿಲ್ಲ. ೨೦೨೨ರ ಜನವರಿ ೭ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಿಂದ ಇಂಡಿಗೋ ಕಂಪನಿಯ ಎರಡು ವಿಮಾನಗಳು ಹೊರಡುವುದಿತ್ತು: ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ೨೦೧೯ರ ಕೊನೆಯಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂದಂದಿನಿಂದ ಅಲ್ಲಿ ಉತ್ತರದ್ದೊಂದು, ದಕ್ಷಿಣದ್ದೊಂದು, ಒಂದಕ್ಕೊಂದು ಸಮಾನಾಂತರವಾದ ಎರಡು ರನ್‌ವೇಗಳಿವೆ. ಎರಡಕ್ಕೂ ಬೇರೆ ಬೇರೆ ನಿಯಂತ್ರಕರು. ಆ ಬೆಳಿಗ್ಗೆ ಉತ್ತರದ ರನ್‌ವೇಯನ್ನು ಏರುವ ವಿಮಾನಗಳಿಗೂ ದಕ್ಷಿಣದ್ದನ್ನು ಇಳಿಯುವ ವಿಮಾನಗಳಿಗೂ ಬಳಸಲಾಗುತ್ತಿತ್ತು. ನಡುವೆ ಪಾಳಿಯ ಮೇಲ್ವಿಚಾರಕರು, ಇನ್ನು ಏರುವುದೂ ಇಳಿಯುವುದೂ ಉತ್ತರದ ರನ್‌ವೇಯೊಂದರಲ್ಲೇ ನಡೆಯತಕ್ಕದ್ದು, ದಕ್ಷಿಣದ್ದು ಬಂದ್ ಎಂದು ನಿರ್ಣಯಿಸಿದರು. ಆ ನಿರ್ಣಯ ದಕ್ಷಿಣದ ನಿಯಂತ್ರಕರಿಗೆ ತಲುಪಲಿಲ್ಲ. ಅವರು ಕೋಲ್ಕತ್ತದ ವಿಮಾನಕ್ಕೆ ಏರಲು ಅಪ್ಪಣೆಯಿತ್ತರು. ಅದೇ ಹೊತ್ತಿನಲ್ಲಿ ಉತ್ತರದವರು ಭುವನೇಶ್ವರದ ವಿಮಾನಕ್ಕೆ ಅಪ್ಪಣೆಯಿತ್ತರು. ಇಬ್ಬರಿಗೂ ಪರಸ್ಪರ ಸುದ್ದಿಯಿಲ್ಲ. ಒಂದೇ ದಿಕ್ಕಿಗೆ ಏರಿದ ಎರಡು ವಿಮಾನಗಳೂ ನೆಲದಿಂದ ಕೆಲವೇ ಸಾವಿರ ಅಡಿ ಎತ್ತರದಲ್ಲಿ ಒಂದರ ಕಡೆಗೊಂದು ವಾಲತೊಡಗಿದುವು. ಎರಡರಲ್ಲೂ ಸೇರಿ ನಾನೂರಕ್ಕೂ ಮೇಲ್ಪಟ್ಟು ಜನರಿದ್ದರು. ಸಮೀಪದ ಆಕಾಶವನ್ನು ರಡಾರಿನಲ್ಲಿ ನೋಡುತ್ತಿದ್ದ ನಿಯಂತ್ರಕರೊಬ್ಬರು ಪರದೆಯ ಮೇಲಣ ಎರಡು ಗುರುತುಗಳು ಹತ್ತಿರವಾಗುತ್ತಿರುವುದನ್ನು ಕಂಡು, ಎರಡಕ್ಕೂ ಬೇರೆ ಬೇರೆ ದಿಕ್ಕಿಗೆ ತಿರುಗುವ ಆದೇಶವನ್ನು ಕೂಡಲೆ ಕೊಟ್ಟದ್ದರಿಂದ ಅಂದಿನ ಬೆಳಗು ಸಾಮಾನ್ಯವಾದ ಬೆಳಗಾಗಿಯೇ ಮುಗಿಯಿತು.

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ನಮ್ಮ ಸೀಮೆಯವರಿಗೆ ಇದು ತಿಳಿಯದ ವಿಷಯವಲ್ಲ: ಇಬ್ಬರು ನೀರುಗಂಟಿಗಳು ಪರಸ್ಪರ ಹೇಳಿಕೊಳ್ಳದೆ ತಮ್ಮ ತಮ್ಮ ತೂಬನ್ನು ಸಕಾಲದಲ್ಲಿಯೇ ಎತ್ತಿದರೂ ಕೆಳಗಿನವನ ಪೈರು ಮುಳುಗಬಹುದು. ಕೋಲ್ಕತ್ತದ ಚಾಲಕನು ತನಗೆ ಬಂದ ಅಪ್ಪಣೆಯನ್ನು ಅಕ್ಷರಶಃ ಪುನರುಚ್ಚರಿಸಿದ್ದರೂ, ಭುವನೇಶ್ವರದವನೂ ಹಾಗೆಯೇ ಮಾಡಿದ್ದರೂ, ಒಬ್ಬೊಬ್ಬರೂ ತಮ್ಮ ತಮ್ಮ ರನ್‌ವೇಯ ಕಂಪನಾಂಕದಲ್ಲಿದ್ದುದರಿಂದ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳಿಸುವ ಸಂಭವವೇ ಇರಲಿಲ್ಲ. ನನಗೆ ಇದಕ್ಕಿಂತ ಹೆಚ್ಚು ಕಳವಳವನ್ನುಂಟುಮಾಡುವುದು ಆಮೇಲಿನ ಸಂಗತಿ. ಈ ಘಟನೆ ಯಾವ ದಿನಚರಿ ಪುಸ್ತಕದಲ್ಲೂ ದಾಖಲಾಗಲಿಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರದಿಂದ ವರದಿಯೂ ಹೋಗಲಿಲ್ಲ ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಾಥಮಿಕ ತನಿಖೆಯಲ್ಲಿ ಹೊರಬಿದ್ದಿತು. ಮಾತಿನ ಲೋಪವನ್ನು ಮನುಷ್ಯಸಹಜವೆಂದು ಕ್ಷಮಿಸಬಹುದು. ಬರೆದಿಡದೆ ಹೋದದ್ದಕ್ಕೆ ಆ ಕ್ಷಮೆ ಸಲ್ಲದು, ಏಕೆಂದರೆ ಈ ವೃತ್ತಿಯು ಕಲಿತಿರುವುದೆಲ್ಲ ಬರೆದಿಟ್ಟ ಲೋಪಗಳಿಂದಲೇ.

ಹಾಗೆ ಬರೆದಿಟ್ಟವುಗಳಲ್ಲಿ ಅತ್ಯಂತ ಘೋರವಾದುದು ೧೯೭೭ರ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದಲ್ಲಿ ನಡೆದದ್ದು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ದೊಡ್ಡ ದೊಡ್ಡ ವಿಮಾನಗಳೆಲ್ಲ ಅಲ್ಲಿಯ ಸಣ್ಣ ನಿಲ್ದಾಣಕ್ಕೆ ತಿರುಗಿ ಬಂದು ಕಿಕ್ಕಿರಿದಿದ್ದುವು. ಮಂಜು ಇಳಿದಿತ್ತು. ಡಚ್ಚರ ಕೆಎಲ್‌ಎಂ ಜಂಬೋ ವಿಮಾನ ರನ್‌ವೇಯ ಒಂದು ತುದಿಯಲ್ಲಿ ಏರಲು ಸಿದ್ಧವಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಜಂಬೋ ಅದೇ ರನ್‌ವೇಯ ಮೇಲೆ ನಿಧಾನವಾಗಿ ಉರುಳಿ ಬರುತ್ತಿತ್ತು. ಗೋಪುರದವರು ಕೆಎಲ್‌ಎಂಗೆ ಕೊಟ್ಟದ್ದು ಏರಿದ ಮೇಲೆ ಹಿಡಿಯಬೇಕಾದ ದಾರಿಯ ಅಪ್ಪಣೆಯೇ ಹೊರತು ಏರುವ ಅಪ್ಪಣೆಯಲ್ಲ. ಹೊತ್ತು ಮೀರುತ್ತಿದೆಯೆಂಬ ಕಾತರದಲ್ಲಿದ್ದ ಡಚ್ ಕ್ಯಾಪ್ಟನ್ನಿಗೆ ಎರಡೂ ಒಂದೇ ಆದುವು. ಸಹಚಾಲಕನು ಅಪ್ಪಣೆಯನ್ನು ಪುನರುಚ್ಚರಿಸಿ, ತಾವೀಗ ಏರುವುದರಲ್ಲಿದ್ದೇವೆಂಬಂಥ ಅಸ್ಪಷ್ಟ ಮಾತೊಂದನ್ನು ಸೇರಿಸಿದ. ಗೋಪುರದಿಂದ "ಓಕೆ" ಎಂಬ ಉತ್ತರ ಬಂತು. ಅದರ ಬೆನ್ನಿಗೇ, ನಿಲ್ಲಿ, ನಾನು ಕರೆಯುತ್ತೇನೆ ಎಂಬ ಮಾತೂ ಹೊರಟಿತು. ದುರ್ದೈವವೆಂದರೆ ಆ ಕ್ಷಣದಲ್ಲಿಯೇ ಪ್ಯಾನ್ ಆಮ್‌ನವರು, ನಾವಿನ್ನೂ ರನ್‌ವೇಯ ಮೇಲಿದ್ದೇವೆ ಎಂದು ಗಾಬರಿಯಿಂದ ನುಡಿದರು. ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಕೆಎಲ್‌ಎಂನ ಕಿವಿಗಳಲ್ಲಿ ಉಳಿದದ್ದು "ಓಕೆ" ಮತ್ತು ಕೆಲವು ಕ್ಷಣಗಳ ಸಿಳ್ಳು. ಪ್ರಾಣವುಳಿಸಬಹುದಾಗಿದ್ದ ಎರಡು ವಾಕ್ಯಗಳು ಹೀಗೆ ಒಂದನ್ನೊಂದು ಅಳಿಸಿಹಾಕಿದುವು. ಅನಂತರ, ದಾರಿ ಬಿಟ್ಟೊಡನೆ ತಿಳಿಸುವೆವೆಂದು ಪ್ಯಾನ್ ಆಮ್‌ನವರು ಹೇಳಿದ ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು. ಅದನ್ನು ಕೇಳಿ ಕೆಎಲ್‌ಎಂನ ಫ್ಲೈಟ್ ಇಂಜಿನಿಯರನು, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನು ಎಂದು ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ದೃಢವಾಗಿ ನುಡಿದ. ಆತ ಕಂಪನಿಯಲ್ಲಿ ಇತರರಿಗೆ ತರಬೇತಿ ಕೊಡುವಷ್ಟು ಹಿರಿಯ. ಹಿರಿಯನ ಮಾತಿಗೆ ಎದುರಾಡುವುದು ಯಾವ ದೇಶದಲ್ಲಿಯೂ ಸುಲಭವಲ್ಲ. ೫೮೩ ಜನ ಮಡಿದರು. ಅಂದಿನಿಂದ "ಟೇಕಾಫ್" ಎಂಬ ಶಬ್ದವನ್ನು ಏರುವ ಅಪ್ಪಣೆಯನ್ನು ಕೊಡುವಾಗ ಅಥವಾ ರದ್ದುಮಾಡುವಾಗಲಷ್ಟೆ ಬಾಯಿಗೆ ತರಬೇಕು, ಉಳಿದಂತೆ "ಡಿಪಾರ್ಚರ್" ಎನ್ನಬೇಕು ಎಂಬ ವಿಧಿ ಬಂದಿತು.

ನಮ್ಮ ದೇಶದ ದೊಡ್ಡ ಗಾಯ ಹರಿಯಾಣದ ಚರ್ಖಿ ದಾದ್ರಿಯದು. ೧೯೯೬ರ ನವೆಂಬರ್ ೧೨ರ ಸಂಜೆ ದೆಹಲಿಯಿಂದ ಏರಿದ ಸೌದಿಯಾ ಕಂಪನಿಯ ಬೋಯಿಂಗ್ ೭೪೭, ದೆಹಲಿಗೆ ಇಳಿಯುತ್ತಿದ್ದ ಕಜಕಸ್ಥಾನದ ಇಲ್ಯೂಶಿನ್ ೭೬, ಎರಡೂ ಒಂದೇ ಆಕಾಶಮಾರ್ಗದಲ್ಲಿ ಎದುರುಬದುರಾಗಿದ್ದುವು. ಸೌದಿಯದು ೧೪,೦೦೦ ಅಡಿಯಲ್ಲಿ, ಕಜಕ್ ವಿಮಾನ ೧೫,೦೦೦ ಅಡಿಯಲ್ಲಿ ಇರಬೇಕೆಂಬುದು ನಿಯಂತ್ರಕರ ಆದೇಶ. ಎದುರಿಗೆ ವಿಮಾನ ಬರುತ್ತಿದೆಯೆಂದು ಅವರು ಎಚ್ಚರಿಸಿಯೂ ಇದ್ದರು. ಕಜಕ್ ವಿಮಾನ ತನ್ನ ಮಟ್ಟವನ್ನು ಬಿಟ್ಟು ಕೆಳಕ್ಕಿಳಿಯಿತು. ಎರಡರಲ್ಲೂ ಇದ್ದ ೩೪೯ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ತನಿಖೆ ಕಜಕ್ ಚಾಲಕರು ಆದೇಶ ಮೀರಿ ಇಳಿದುದನ್ನೇ ಮೂಲಕಾರಣವೆಂದು ಗುರುತಿಸಿತು. ಆ ವಿಮಾನದಲ್ಲಿ ನೆಲದವರೊಡನೆ ಮಾತಾಡುವ ಹೊಣೆ ಚಾಲಕರದಲ್ಲ, ಬೇರೊಬ್ಬ ರೇಡಿಯೋ ಆಪರೇಟರನದು. ಅವನ ಮುಂದೆ ಎತ್ತರವನ್ನು ತೋರಿಸುವ ಯಂತ್ರವೇ ಇರಲಿಲ್ಲ, ಬೇಕೆಂದರೆ ಚಾಲಕರ ಹೆಗಲಿನಾಚೆಗೆ ಇಣಿಕಿ ನೋಡಬೇಕು. ಇಂಗ್ಲಿಷ್ ಆದೇಶವನ್ನು ಕೇಳುವವನೊಬ್ಬ, ಚಕ್ರ ಹಿಡಿದವನೊಬ್ಬ. ಇತ್ತ ದೆಹಲಿಯ ರಡಾರು ವಿಮಾನ ಎಲ್ಲಿದೆಯೆಂಬುದನ್ನು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆಯೆಂಬುದನ್ನು ತೋರಿಸುತ್ತಿರಲಿಲ್ಲವಾದ್ದರಿಂದ, ಎತ್ತರದ ವಿಷಯದಲ್ಲಿ ನಿಯಂತ್ರಕನಿಗಿದ್ದ ಏಕಮಾತ್ರ ಪ್ರಮಾಣವು ಆ ಆಪರೇಟರನ ಬಾಯಿಮಾತು. ಮುಂದೆ ಬರುವ ದಾರಿ ಹೋಗುವ ದಾರಿಗಳನ್ನು ಬೇರ್ಪಡಿಸಿದ್ದು, ಘರ್ಷಣೆಯನ್ನು ತಪ್ಪಿಸುವ ಟಿಕಾಸ್ ಯಂತ್ರವನ್ನು ನಮ್ಮ ದೇಶದಲ್ಲಿ ಕಡ್ಡಾಯಗೊಳಿಸಿದ್ದು ಈ ದುರಂತದ ಫಲ. ಅಂತಾರಾಷ್ಟ್ರೀಯ ಮಾರ್ಗಗಳ ಚಾಲಕರೂ ನಿಯಂತ್ರಕರೂ ಇಂಗ್ಲಿಷಿನಲ್ಲಿ ಆರು ಮೆಟ್ಟಿಲುಗಳ ಪೈಕಿ ನಾಲ್ಕನೆಯದನ್ನಾದರೂ ಮುಟ್ಟಿರಬೇಕೆಂಬ ವಿಶ್ವನಿಯಮ ಜಾರಿಗೆ ಬಂದದ್ದು ೨೦೦೮ರಲ್ಲಿ. ಅದು ಇನ್ನೂ ಮೊದಲೇ ಬರಬೇಕಿತ್ತು.

ಲೋಪದ ಇನ್ನೊಂದು ಮುಖ ಮೌನ. ದೂರದ ವಿಮಾನವು ಒಬ್ಬ ನಿಯಂತ್ರಕನ ಎಲ್ಲೆಯಿಂದ ಇನ್ನೊಬ್ಬನ ಎಲ್ಲೆಗೆ ದಾಟುವಾಗಲೆಲ್ಲ ಹೊಸ ಕಂಪನಾಂಕಕ್ಕೆ ಬದಲಿಸಿಕೊಳ್ಳಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೆ ಹಿಂದಿನವನಿಗೂ ಇಲ್ಲ, ಮುಂದಿನವನಿಗೂ ಇಲ್ಲ. ೨೦೧೭ರ ಫೆಬ್ರವರಿ ೧೬ರಂದು ಮುಂಬಯಿಯಿಂದ ಲಂಡನ್ನಿಗೆ ಹೋಗುತ್ತಿದ್ದ ಜೆಟ್ ಏರ್‌ವೇಸ್ ವಿಮಾನ, ೩೩೦ ಪ್ರಯಾಣಿಕರೊಡನೆ, ಜರ್ಮನಿಯ ಮೇಲೆ ಹೀಗೆ ಮಾತು ಕಳೆದುಕೊಂಡಾಗ ಆ ದೇಶದ ವಾಯುಸೇನೆಯ ಯುದ್ಧವಿಮಾನಗಳು ಮೇಲೆದ್ದು ಅದರ ಪಕ್ಕಕ್ಕೆ ಬಂದವು. ಆಕಾಶದಲ್ಲಿ ಉತ್ತರ ಕೊಡದವನನ್ನು ೨೦೦೧ರ ಸೆಪ್ಟೆಂಬರಿನ ನಂತರ ಯಾವ ದೇಶವೂ ಸಂದೇಹದಿಂದಲ್ಲದೆ ನೋಡುವುದಿಲ್ಲ. ಅಮೆರಿಕದಲ್ಲಿ ೨೦೦೯ರ ಅಕ್ಟೋಬರ್ ೨೧ರಂದು ನಾರ್ತ್‌ವೆಸ್ಟ್ ಕಂಪನಿಯ ಚಾಲಕರಿಬ್ಬರು ಲ್ಯಾಪ್‌ಟಾಪ್ ತೆರೆದು ಕೆಲಸದ ಪಾಳಿಪಟ್ಟಿಯ ಚರ್ಚೆಯಲ್ಲಿ ಮುಳುಗಿ, ಗಂಟೆಗೂ ಮಿಕ್ಕು ಯಾರ ಕರೆಗೂ ಓಗೊಡದೆ, ಇಳಿಯಬೇಕಾದ ಮಿನಿಯಾಪೊಲಿಸನ್ನು ನೂರು ಮೈಲಿಗೂ ಹೆಚ್ಚು ದಾಟಿ ಹೋದರು. ಪರಿಚಾರಿಕೆಯೊಬ್ಬಳು ಇಳಿಯುವ ಹೊತ್ತೇನೆಂದು ಕೇಳಿದಾಗಲೇ ಅವರಿಗೆ ಎಚ್ಚರ. ಇಂಥ ಹೊತ್ತಿಗೆಂದೇ ೧೨೧.೫ ಎಂಬ ಆಪತ್ಕಾಲದ ಕಂಪನಾಂಕವನ್ನು ಎರಡನೆಯ ರೇಡಿಯೋದಲ್ಲಿ ಸದಾ ತೆರೆದಿಟ್ಟಿರಬೇಕೆಂಬ ಪದ್ಧತಿಯಿದೆ. ರೇಡಿಯೋ ನಿಜವಾಗಿಯೇ ಕೆಟ್ಟರೆ ೭೬೦೦ ಎಂಬ ಸಂಕೇತಾಂಕವನ್ನು ಯಂತ್ರಕ್ಕೆ ಕೊಟ್ಟರಾಯಿತು, ನೆಲದವರ ರಡಾರುಪರದೆಯಲ್ಲಿ ಸಂಗತಿ ತಿಳಿಯುತ್ತದೆ. ನಿಲ್ದಾಣದ ಬಳಿ ಬಂದ ಮೇಲೆ ಗೋಪುರದಿಂದ ದೀಪ ಹಾಯಿಸುತ್ತಾರೆ. ನಿಂತ ಹಸಿರು ಬೆಳಕಾದರೆ ಇಳಿಯಬಹುದು. ನಿಂತ ಕೆಂಪಾದರೆ ಸುತ್ತುತ್ತ ಕಾಯಬೇಕು. ಮಿನುಗುವ ಕೆಂಪಾದರೆ ಇಳಿಯಕೂಡದು. ಉಪಗ್ರಹಗಳ ಕಾಲದಲ್ಲಿಯೂ ಈ ಪುರಾತನ ಉಪಾಯವನ್ನು ಕೈಬಿಡದಿರುವುದು ವಿವೇಕವೇ.

ಮಾತು ತಪ್ಪಿದಾಗ ಕಾಯುವ ಟಿಕಾಸ್ ಯಂತ್ರ ನಮ್ಮ ಮೇಲಣ ಆಕಾಶದಲ್ಲಿಯೂ ಕೆಲಸ ಮಾಡಿದೆ. ೨೦೧೮ರ ಜುಲೈ ೧೦ರಂದು ಬೆಂಗಳೂರಿನ ವಾಯುಕ್ಷೇತ್ರದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೂ ಬೆಂಗಳೂರಿನಿಂದ ಕೊಚ್ಚಿಗೂ ಹೋಗುತ್ತಿದ್ದ ಎರಡು ವಿಮಾನಗಳ ನಡುವೆ ಎತ್ತರದಲ್ಲಿ ಉಳಿದದ್ದು ೨೦೦ ಅಡಿ. ಯಂತ್ರದ ಆದೇಶದಂತೆ ನಡೆದು ಎರಡೂ ದೂರ ಸರಿದುವು. ಆದರೆ ಯಂತ್ರದ ಮಾತೂ ಮನುಷ್ಯನ ಮಾತೂ ಭಿನ್ನವಾದಾಗ ಯಾರನ್ನು ನಂಬತಕ್ಕದ್ದು? ೨೦೦೨ರ ಜುಲೈ ೧ರ ರಾತ್ರಿ ಜರ್ಮನಿಯ ಯೂಬರ್ಲಿಂಗೆನ್ ಬಳಿ, ಸ್ವಿಸ್ ಕೇಂದ್ರದ ಟೆಲಿಫೋನ್ ತಂತಿಗಳು ದುರಸ್ತಿಯಲ್ಲಿದ್ದು, ನಿಯಂತ್ರಕನೊಬ್ಬನೇ ಎರಡು ಮೇಜುಗಳನ್ನು ನೋಡಿಕೊಳ್ಳುತ್ತಿದ್ದಾಗ, ಅವನು ಇಳಿಯಲು ಹೇಳಿದ ರಷ್ಯನ್ ವಿಮಾನಕ್ಕೆ ಯಂತ್ರವು ಏರಲು ಹೇಳಿತು. ಚಾಲಕರು ಮನುಷ್ಯನನ್ನು ನಂಬಿದರು. ಇನ್ನೊಂದು ವಿಮಾನದವರು ಯಂತ್ರವನ್ನು ನಂಬಿ ಇಳಿದರು. ೭೧ ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇಂಥ ಸಂದರ್ಭದಲ್ಲಿ ಯಂತ್ರದ ಮಾತೇ ಪ್ರಮಾಣವೆಂಬುದು ಅಲ್ಲಿಂದಾಚೆ ನಿಸ್ಸಂದಿಗ್ಧವಾಯಿತು.

ಈಗ ಸಮುದ್ರದ ಮೇಲೆ ಹಾರುವ ವಿಮಾನಗಳಿಗೆ ಅಪ್ಪಣೆಗಳು ಅಕ್ಷರರೂಪದಲ್ಲಿ ಪರದೆಯ ಮೇಲೆ ಬರುತ್ತವೆ. ಚಾಲಕನು ಓದಿ, ಗುಂಡಿಯೊತ್ತಿ, ಒಪ್ಪಿಗೆಯನ್ನು ಕಳುಹಿಸುತ್ತಾನೆ. ಉಚ್ಚಾರದ ತೊಡಕಿಲ್ಲ, ಸಿಳ್ಳಿಲ್ಲ, ಅಂಕಿ ಮರೆತರೆ ಮತ್ತೆ ನೋಡಬಹುದು. ಎಲ್ಲ ಕಡೆಗೂ ಇದನ್ನೇ ತಂದುಬಿಡಬಾರದೇಕೆ ಎಂದು ಕೇಳುವ ಉತ್ಸಾಹಿಗಳ ಪಕ್ಷವನ್ನು ನಾನು ಪೂರ್ತಿಯಾಗಿ ವಹಿಸಲಾರೆ. ಒಂದೇ ಕಂಪನಾಂಕದಲ್ಲಿ ಹತ್ತು ವಿಮಾನಗಳಿದ್ದಾಗ ಒಬ್ಬನಿಗೆ ಹೇಳಿದ್ದು ಹತ್ತು ಜನಕ್ಕೂ ಕೇಳಿಸುತ್ತದೆ; ಇನ್ನೊಬ್ಬನಿಗೆ ಕೊಟ್ಟ ಎತ್ತರವೇ ತನಗೂ ಬಂದರೆ ಚಾಲಕನು ಹುಬ್ಬೇರಿಸುತ್ತಾನೆ. ಟೆನೆರೀಫಿನ ಆ ಇಂಜಿನಿಯರನಿಗೆ ಸಂದೇಹ ಹುಟ್ಟಿದ್ದು ತನಗೆ ಹೇಳದ ಮಾತನ್ನು ಕೇಳಿಸಿಕೊಂಡದ್ದರಿಂದಲೇ. ನೆಲಕ್ಕೆ ಹತ್ತಿರದಲ್ಲಿ, ಕ್ಷಣಕ್ಷಣಕ್ಕೂ ಅಪ್ಪಣೆ ಬದಲಾಗುವಲ್ಲಿ, ಟೈಪು ಮಾಡಿ ಓದಿಕೊಳ್ಳುವಷ್ಟು ವ್ಯವಧಾನವೂ ಇರುವುದಿಲ್ಲ. ೨೦೨೨ರ ಬೆಂಗಳೂರಿನ ಲೋಪಕ್ಕಂತೂ ಈ ಪರದೆಯಿಂದ ಯಾವ ಪರಿಹಾರವೂ ದೊರೆಯುತ್ತಿರಲಿಲ್ಲ. ಅಂದು ಹೇಳದೆ ಉಳಿದ ಒಂದು ವಾಕ್ಯ ವಿಮಾನಕ್ಕೂ ನೆಲಕ್ಕೂ ನಡುವಿನದಾಗಿರಲಿಲ್ಲ, ಒಂದೇ ನಿಲ್ದಾಣದ ಒಂದೇ ಪಾಳಿಯ ಸಹೋದ್ಯೋಗಿಗಳ ನಡುವಿನದಾಗಿತ್ತು.